ಬರ್ಲಿನ್ ಡಬ್ಬಿಯ ಡಾಕ್ಟರು

"ಆ ಬ್ಯಾಡ್ಜ್ ತೆಗ್ದು ಜೇಬಿಗೆ ಹಾಕ್ಕೋ," ಎಂದು ಜಯದೇವಿ ಮಗನ ಎದೆಗೇ ಕೈ ಹಾಕಿದರು. "ಅವ್ರು ಪಾರ್ಕಿಂಗ್ ಲಾಟಿಂದ ಬರ್ತಾ ಇದಾರೆ. ಬೇಗ."

ಕೇಶವ್ ಒಂದು ಹೆಜ್ಜೆ ಹಿಂದೆ ಸರಿದ. ಬ್ಯಾಡ್ಜಿನ ಮೇಲೆ ಅವನ ಹೆಸರಿತ್ತು. ಹೆಸರಿನ ಕೆಳಗೆ, ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ, 'ಸೀಸನಲ್ ಗೈಡ್' ಎಂದಿತ್ತು.

"ಅಮ್ಮಾ, ಇದು ಯೂನಿಫಾರ್ಮು. ತೆಗೆಯೋ ಹಾಗಿಲ್ಲ."

"ಹಾಗಾದ್ರೆ ತಿರುಗಿಸಿ ಹಾಕ್ಕೋ. ಹಿಂದ್ಗಡೆ ಏನೂ ಬರ್ದಿಲ್ವಲ್ಲ."

"ತಿರುಗಿಸಿದ್ರೆ ನನ್ ಹೆಸ್ರೂ ಕಾಣಲ್ಲ."

"ನಿನ್ ಹೆಸ್ರು ಅವ್ರಿಗೆ ಗೊತ್ತಿದೆ. ಕೆಲ್ಸ ಗೊತ್ತಾಗ್ಬಾರ್ದು, ಅಷ್ಟೇ."

"ಏನಂತ ಹೇಳಿದೀರಿ ಅವ್ರಿಗೆ?"

ಜಯದೇವಿ ಮ್ಯೂಸಿಯಮ್ಮಿನ ಟಿಕೆಟ್ ಕೌಂಟರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. "ನಾನೇನೂ ಹೇಳಿಲ್ಲ. ನಿಮ್ಮಪ್ಪ ಪಿಎಚ್‌ಡಿ, ಇಲ್ಲಿಗೆ ರಿಸರ್ಚಿಗೆ ಬರ್ತಾನೆ ಅಂದ್ಬಿಟ್ಟಿದಾರೆ."

ಕೇಶವನ ಕಿವಿ ಕೆಂಪಾಯಿತು. ಅವನಿಗೆ ಸಿಟ್ಟು ಬಂದರೆ ಸುದ್ದಿ ಮೊದಲು ಕಿವಿಗೆ ಹೋಗುತ್ತಿತ್ತು, ಆಮೇಲೆ ಬಾಯಿಗೆ. ಇಪ್ಪತ್ತನಾಲ್ಕು ವರ್ಷದ ಹುಡುಗ. ಇಂಜಿನಿಯರಿಂಗ್ ಎರಡನೇ ವರ್ಷದ ನಡುವೆ ಒಂದು ಮಧ್ಯಾಹ್ನ ಕ್ಲಾಸಿನಿಂದ ಎದ್ದು ಹೊರಗೆ ಬಂದವನು ಮತ್ತೆ ಆ ಕಟ್ಟಡದೊಳಕ್ಕೆ ಕಾಲಿಟ್ಟಿರಲಿಲ್ಲ. ಯಾಕೆ ಬಿಟ್ಟೆ ಅಂತ ಮನೆಯಲ್ಲಿ ಕೇಳಿದಾಗಲೆಲ್ಲ ಬೇರೆ ಬೇರೆ ಕಾರಣ ಹೇಳಿದ್ದ. ನಿಜವಾದ ಕಾರಣ ಇಷ್ಟೇ: ಅಲ್ಲಿ ಇಂಜಿನಿಯರಿಂಗ್ ಎಂದರೆ ಪರದೆಯ ಮೇಲಿನ ಚಿತ್ರ, ಯಾರೂ ಯಾವುದನ್ನೂ ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಅಂದಿನಿಂದ ಅಮೆರಿಕದ ವೆಸ್ಟ್‌ಮಂಟಿನ ಅವರ ಮನೆಯಲ್ಲಿ ಕಾಲೇಜು ಎಂಬ ಮಾತು ಬಂತೆಂದರೆ ಯಾರಾದರೊಬ್ಬರು ಎದ್ದು ಡಿಶ್‌ವಾಷರ್ ತುಂಬಲು ಹೋಗುತ್ತಿದ್ದರು. ಕನ್ನಡ ಕೂಟದ ಪಾಟ್‌ಲಕ್ ಊಟಗಳಲ್ಲಿ ಯಾರಾದರೂ ಅಂಕಲ್ "ಹುಡುಗ ಏನ್ ಮಾಡ್ತಿದಾನೆ ಈಗ" ಎಂದು ಬಾಯಿ ತೆರೆದರೆ, ಅಪ್ಪ ಶ್ರೀಕಾಂತ್ ಆ ಬಾಯಿಗೆ ಸರಿಯಾಗಿ ಒಂದು ಬೋಂಡ ಮುಂದೆ ಹಿಡಿಯುತ್ತಿದ್ದರು.

ಬೋಂಡದಲ್ಲಿ ಮುಗಿಯದ ಒಬ್ಬನೇ ಮನುಷ್ಯ ಅಲೀಮ್. ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ಮನೆ, ಡೆಟ್ರಾಯಿಟಿನ ಸುತ್ತ ಮೂರು ಕಡೆ ಟೈರಿನ ಅಂಗಡಿ, ಮೂಲ ಹುಬ್ಬಳ್ಳಿ. ದಾವಣಗೆರೆಯ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಶ್ರೀಕಾಂತರ ರೂಮ್‌ಮೇಟು. ಆಗ ಶುರುವಾದ ಪೈಪೋಟಿ ಇನ್ನೂ ಮುಗಿದಿರಲಿಲ್ಲ. ಯಾರಿಗೆ ಮೊದಲು ವೀಸಾ, ಯಾರ ಮನೆಗೆ ದೊಡ್ಡ ಡೆಕ್, ಯಾರ ಕಾರು ಗ್ಯಾಲನ್ನಿಗೆ ಎಷ್ಟು ಮೈಲು ಎಂದು ಬೆಳೆಯುತ್ತ ಬೆಳೆಯುತ್ತ ಈಗ ಯಾರ ಕೊಲೆಸ್ಟರಾಲ್ ಕಡಿಮೆ ಎಂಬಲ್ಲಿಗೆ ಬಂದು ನಿಂತಿತ್ತು. ಹೋದ ತಿಂಗಳು ಅಲೀಮ್ ಫೋನ್ ಮಾಡಿ, ಮಗಳು ನೌಶೀನ್ ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆಂದು ಹೇಳಿದಾಗ ಶ್ರೀಕಾಂತರ ಬಾಯಿಂದ ತಾನೇ ತಾನಾಗಿ ಬಂದುಬಿಟ್ಟಿತ್ತು: "ನಮ್ ಕೇಶವಾನೂ ಅದೇ ಕಣಯ್ಯ. ಜರ್ಮನ್ ರೈಲ್ವೆ ಮೇಲೆ." ಒಳ್ಳೆಯ ಮನುಷ್ಯನಾಗಿದ್ದರೆ ಕಂಗ್ರಾಚುಲೇಷನ್ಸ್ ಹೇಳಿ ಸುಮ್ಮನಿರುತ್ತಿದ್ದ. ಅಲೀಮ್ "ಬಂದ ನೋಡ್ತೀನಲೇ" ಅಂದ. ಬಂದೂ ಬಿಟ್ಟ.

"ಯಾವ ಯೂನಿವರ್ಸಿಟಿ ಅಂದಿದಾರೆ?" ಎಂದು ಕೇಶವ್ ಹಲ್ಲು ಕಚ್ಚಿ ಕೇಳಿದ.

"ಅದು ಕೇಳೋಷ್ಟರಲ್ಲಿ ಇವ್ರು ಫೋನ್ ಇಟ್ಬಿಟ್ರು."

ಬೇರೆ ದಿನವಾಗಿದ್ದರೆ ಕೇಶವ್ ಬ್ಯಾಡ್ಜನ್ನು ಹಣೆಗೇ ಅಂಟಿಸಿಕೊಂಡು ಹೋಗಿ ಅಂಕಲ್‌ಗೆ ಕೈ ಕೊಡುತ್ತಿದ್ದ. ಇವತ್ತು ಆಗುವಂತಿರಲಿಲ್ಲ. ಅರೋರಾ ದಾಟಿ ಪಶ್ಚಿಮಕ್ಕಿದ್ದ ಆ ರೈಲ್ವೆ ಮ್ಯೂಸಿಯಮ್ಮಿನಲ್ಲಿ ವರ್ಕ್‌ಶಾಪಿನ ಮುಖ್ಯಸ್ಥೆ ಡೆಬ್ ನೊವಾಕ್ ಎಂಬ ಹೆಂಗಸು. ಅರವತ್ತು ದಾಟಿದವಳು, ಮುಂಗೈ ನೋಡಿದರೆ ಕುಸ್ತಿ ಪೈಲ್ವಾನ. ಕಳೆದ ಚಳಿಗಾಲದಿಂದ ಅವಳ ವರ್ಕ್‌ಶಾಪಿನಲ್ಲಿ ಒಂದು ಕಾಯಂ ಜಾಗ ಖಾಲಿಯಿತ್ತು. ಬರ್ಲಿನ್ ಡಬ್ಬಿ ಎಂದು ಕರೆಯುವ ಹಳೆಯ ಜರ್ಮನ್ ರೈಲುಬೋಗಿಯನ್ನು ಬಿಚ್ಚಿ, ಕೆತ್ತಿ, ಕೂಡಿಸಿ ಮೊದಲಿನಂತೆ ಮಾಡುವ ಕೆಲಸ, ವರ್ಷಗಟ್ಟಲೆ ಹಿಡಿಯುವಂಥದು. ಕೇಶವನಿಗೆ ಪ್ರಪಂಚದಲ್ಲಿ ಬೇಕಾಗಿದ್ದದ್ದು ಅದೊಂದೇ. ಇನ್ನೊಬ್ಬ ಗೈಡಿಗೂ ಅದು ಬೇಕಾಗಿತ್ತು. ಆ ಹುಡುಗನಿಗೆ ಡಬ್ಬಿಯ ಮುಂದು ಯಾವುದು ಹಿಂದು ಯಾವುದು ತಿಳಿಯುತ್ತಿರಲಿಲ್ಲ, ಆದರೆ ಸದಾ ನಗುತ್ತಿದ್ದ. ಕೇಶವನ ಹೆಸರಿನಲ್ಲಿ ಎರಡು ದೂರುಗಳಿದ್ದವು. ಒಂದು, ಡಬ್ಬಿಯಲ್ಲಿ ಎಸಿ ಯಾಕಿಲ್ಲ ಎಂದು ಜಗಳಕ್ಕೆ ನಿಂತ ನೇಪರ್‌ವಿಲ್ಲಿನ ಪ್ರವಾಸಿಯೊಬ್ಬನಿಗೆ, ಮನೆಗೆ ಹೋಗಿ ಫ್ರಿಜ್ಜಿನೊಳಗೆ ಕೂತುಕೋ ಅಂದದ್ದು. ಎರಡನೆಯದು ಬರೆಯುವಂಥದ್ದಲ್ಲ.

ಬೆಳಿಗ್ಗೆ ಡೆಬ್ ಹೇಳಿದ್ದಳು: "ಮಧ್ಯಾಹ್ನ ಎರಡು ಗಂಟೆಯ ಟೂರಿಗೆ ನಾನೂ ಬಂದು ಹಿಂದೆ ನಿಂತಿರುತ್ತೇನೆ. ಯಾರೂ ಸೀಟಿನ ಮೇಲೆ ಕೂರಬಾರದು. ಯಾರೂ ಏನನ್ನೂ ಕೀಳಬಾರದು. ನೀನು ಯಾರ ಮೇಲೂ ರೇಗಬಾರದು. ಮುಗಿದ ಮೇಲೆ ನನ್ನ ತೀರ್ಮಾನ ಹೇಳುತ್ತೇನೆ."

"ಏನ್ ಕೇಶವಾ, ಡಾಕ್ಟರ್ ಅನ್ಬೇಕಾ ಈಗಿಂದನ?" ಎಂದು ಹಿಂದಿನಿಂದ ದನಿ ಬಂತು. ಅಲೀಮ್ ಅಂಕಲ್ ಗೇಟು ದಾಟಿ ಬರುತ್ತಿದ್ದರು. ಟೋಪಿ, ಶಾರ್ಟ್ಸು, ಹಣೆಯ ಮೇಲೆ ಬೆವರು. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲೂ ಪೂರ್ತಿ ತೋಳಿನ ಕುರ್ತಾ ಹಾಕಿದ್ದ ಆಬಿದಾ ಆಂಟಿಯ ಎರಡೂ ಕೈಯಲ್ಲಿ ಚೀಲ. ನೌಶೀನ್ ಕಪ್ಪು ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಅಮ್ಮನ ಚೀಲಗಳ ಪರಿಚಯ ತನಗಿಲ್ಲವೆಂಬಂತೆ ನಾಲ್ಕು ಹೆಜ್ಜೆ ದೂರ ನಡೆಯುತ್ತಿದ್ದಳು. ಶ್ರೀಕಾಂತ್ ಎಲ್ಲರ ಹಿಂದೆ, ಮಗನ ಕಡೆ ನೋಡದೆ, ಮ್ಯೂಸಿಯಮ್ಮಿನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು.

ಕೇಶವ್ ಬ್ಯಾಡ್ಜ್ ತೆಗೆಯಲಿಲ್ಲ. ಜಯದೇವಿ ತಮ್ಮ ಸೆರಗಿನ ತುದಿಯಿಂದ ಅದನ್ನು ಒರೆಸುವಂತೆ ನಟಿಸಿ, ಅಲೀಮ್ ದಂಪತಿ ಹತ್ತಿರ ಬರುವಷ್ಟು ಹೊತ್ತೂ ಅಲ್ಲೇ ಸೆರಗು ಹಿಡಿದು ನಿಂತರು.

*

ಬರ್ಲಿನ್ ಡಬ್ಬಿ ಕೊನೆಯ ಶೆಡ್ಡಿನಾಚೆ, ತುಂಡು ಹಳಿಯ ಮೇಲೆ ನಿಂತಿತ್ತು. ಕಡು ಹಸಿರು ಮೈ, ಚಾವಣಿಯ ನಡುವೆ ಬೆಳಕಿಗೆಂದು ಎತ್ತರಿಸಿದ ಗಾಜಿನ ಸಾಲು, ಎರಡೂ ತುದಿಯಲ್ಲಿ ಮುಚ್ಚಿದ ಹಾರ್ಮೋನಿಯಮ್ಮಿನಂತೆ ಮಡಿಕೆಮಡಿಕೆಯಾದ ಚರ್ಮದ ಬೆಲ್ಲೋಸು. ಹಡಗು ಹತ್ತಿ ಅದು ಅಮೆರಿಕಕ್ಕೆ ಹೇಗೆ ಬಂತೆಂಬುದಕ್ಕೆ ಮೂರು ಕಥೆಗಳಿದ್ದವು. ಬಂದಮೇಲೆ ಒಬ್ಬ ಸಾಹುಕಾರನ ತೋಟದಲ್ಲಿ ಕೋಳಿಗೂಡಾಗಿತ್ತು ಎಂಬುದು ಮಾತ್ರ ನಿಜ. ಸೀಟಿನ ಅಡಿಯಿಂದ ಇನ್ನೂ ಪುಕ್ಕ ಸಿಗುತ್ತಿತ್ತು.

ಟೂರಿಗೆ ಅಲೀಮ್ ಪರಿವಾರವಲ್ಲದೆ ವಿಸ್ಕಾನ್ಸಿನ್ನಿನ ಒಂದು ವಯಸ್ಸಾದ ಜೋಡಿಯಿತ್ತು, ಹೆಲ್ಮೆಟ್ ತೆಗೆಯದ ಇಬ್ಬರು ಸೈಕಲ್ ಸವಾರರಿದ್ದರು. ಡೆಬ್ ಎಲ್ಲರ ಹಿಂದೆ ಕೈಕಟ್ಟಿ ನಿಂತಿದ್ದಳು. ಕೇಶವ್ ಒಂದು ಸಲ ಉಸಿರು ತುಂಬಿಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದ.

ಈ ಡಬ್ಬಿಗಿಂತ ಮೊದಲು ಜರ್ಮನಿಯಲ್ಲಿ ರೈಲೆಂದರೆ ಕುದುರೆಗಾಡಿಗಳನ್ನು ಸಾಲಾಗಿ ಅಂಟಿಸಿದ ಹಾಗಿತ್ತು. ಒಂದೊಂದು ಕಂಪಾರ್ಟ್‌ಮೆಂಟಿಗೂ ಹೊರಗಡೆಗೇ ಬಾಗಿಲು. ಒಂದರಿಂದ ಇನ್ನೊಂದಕ್ಕೆ ದಾರಿಯಿಲ್ಲ. ಗಾಡಿ ಹೊರಟಿತೆಂದರೆ ಒಳಗಿದ್ದವರು ಮುಂದಿನ ಸ್ಟೇಷನ್ನಿನವರೆಗೂ ಬಂದಿಗಳು. ಎದುರು ಕೂತವನು ಕಳ್ಳನೋ ಕೊಲೆಗಾರನೋ, ಕೂಗಿದರೆ ಕೇಳುವವರಿಲ್ಲ. ಟಿಕೆಟ್ ನೋಡುವ ಗಾರ್ಡು ಓಡುವ ಗಾಡಿಯ ಹೊರಮೈಗೆ ಜೋತುಬಿದ್ದು, ಅಡ್ಡಪಟ್ಟಿಯ ಮೇಲೆ ಕಾಲಿಡುತ್ತ, ಕಿಟಕಿಯಿಂದ ಕಿಟಕಿಗೆ ದಾಟಬೇಕಿತ್ತು. ಮಂಜು ಬಿದ್ದ ದಿನ ಜಾರಿದರೆ ಮುಗಿಯಿತು.

"ನಮ್ಮ ಕಡೆ ಟೆಂಪೋ ಕ್ಲೀನರ್ ಇದ್ದಂಗ," ಎಂದು ಅಲೀಮ್ ಕನ್ನಡದಲ್ಲಿ ಟಿಪ್ಪಣಿ ಸೇರಿಸಿದರು.

"ಇದೆಲ್ಲ ಅವ್ನ ಥೀಸಿಸ್‌ನಲ್ಲಿದೆ," ಎಂದರು ಶ್ರೀಕಾಂತ್, ಮೆಲ್ಲಗೆ.

ಕೇಶವ್ ಅಪ್ಪನ ಕಡೆ ನೋಡದೆ ಡಬ್ಬಿಯ ಹಸಿರು ಬಣ್ಣವನ್ನೇ ನೋಡುತ್ತ ಮುಂದುವರಿಸಿದ.

"ಅಲ್ಲಪ್ಪಾ, ಪಾಯಖಾನಿ?" ಎಂದು ಆಬಿದಾ ಆಂಟಿ ಕೈಯೆತ್ತಿದರು.

"ಇರ್ಲಿಲ್ಲ ಆಂಟಿ. ಸ್ಟೇಷನ್ ಬರೋವರ್ಗೂ ಕಾಯ್ಬೇಕಿತ್ತು."

"ಹೆಣ್ಮಕ್ಕಳೂ?"

"ಹೆಣ್ಮಕ್ಕಳೂ."

"ನೋಡ್ರಿ ಜಯದೇವಿ," ಎಂದು ಆಬಿದಾ ನಿಟ್ಟುಸಿರಿಟ್ಟರು. "ರಾಜಾ ಯಾರು, ಯುದ್ಧ ಯಾವಾಗ, ಎಲ್ಲಾ ಬರದಾರ. ಇದನ್ನ ಒಬ್ಬರೂ ಬರಿಯಂಗಿಲ್ಲ. ನೌಶೀನ್, ನೀ ಬರೀ."

ಆಮೇಲೆ, ಎಂದ ಕೇಶವ್, ಸಾವಿರದ ಎಂಟುನೂರ ತೊಂಬತ್ತೆರಡರಲ್ಲಿ ಬರ್ಲಿನ್ನಿನಿಂದ ಕಲೋನ್ ನಗರಕ್ಕೆ ಹೊಸ ಥರದ ಎಕ್ಸ್‌ಪ್ರೆಸ್ ಹೊರಟಿತು. ಒಳಗೆ ಕಂಪಾರ್ಟ್‌ಮೆಂಟುಗಳು ಹಾಗೇ ಉಳಿದವು, ಆದರೆ ಅವುಗಳ ಪಕ್ಕಕ್ಕೆ ಡಬ್ಬಿಯ ಉದ್ದಕ್ಕೂ ಒಂದು ಓಣಿ ಬಂತು. ಡಬ್ಬಿಗೂ ಡಬ್ಬಿಗೂ ನಡುವೆ ಈ ಬೆಲ್ಲೋಸ್ ಬಂತು. ಗಾಡಿಯ ಈ ತುದಿಯಿಂದ ಆ ತುದಿಗೆ ಯಾರು ಬೇಕಾದರೂ ನಡೆದುಹೋಗಬಹುದು. ಬೆಲ್ಲೋಸಿನ ಉಪಾಯ ಅಮೆರಿಕದ್ದು, ಕಂಪಾರ್ಟ್‌ಮೆಂಟಿನ ಹಟ ಯೂರೋಪಿನದು. ಎರಡನ್ನೂ ಬಿಡಲು ಮನಸ್ಸಿಲ್ಲದವರು ಎರಡನ್ನೂ ಸೇರಿಸಿ ಹೊಲಿದರು.

ಇಷ್ಟು ಹೇಳುವಾಗ ಅವನ ಕೈ ತಾನಾಗಿ ಬೆಲ್ಲೋಸಿನ ಒಂದು ಮಡಿಕೆಯನ್ನು ಬಿಡಿಸಿ ತೋರಿಸುತ್ತಿತ್ತು. ವಿಸ್ಕಾನ್ಸಿನ್ನಿನ ಅಜ್ಜ ಬಗ್ಗಿ ನೋಡಿದ. ಡೆಬ್ ಕಟ್ಟಿದ ಕೈ ಬಿಚ್ಚಿದಳು. ಕೇಶವನಿಗೆ ಒಂದು ಕ್ಷಣ ಎಲ್ಲವೂ ಸರಿಹೋಗುತ್ತದೆ ಅನ್ನಿಸಿತು.

ಆಗ ನೌಶೀನ್ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಕೇಳಿದಳು: "ಚೆನ್ನಾಗಿದೆ. ನಿನ್ನ ಪಿಎಚ್‌ಡಿ ಕಮಿಟಿಯಲ್ಲಿ ಯಾರಿದ್ದಾರೆ?"

ಡೆಬ್‌ಳ ಎಡ ಹುಬ್ಬು ಮೇಲೆ ಹೋಯಿತು.

"ಎಲ್ಲ ಜರ್ಮನ್ನರು," ಎಂದು ಶ್ರೀಕಾಂತ್ ನಡುವೆ ಬಾಯಿ ಹಾಕಿದರು. "ವೆರಿ ಡಿಫಿಕಲ್ಟ್ ನೇಮ್ಸ್. ಒಳಗೆ ಹೋಗೋಣ್ವಾ, ಬಿಸಿಲು."

*

ಒಳಗೆ ಓಣಿ ಎಷ್ಟು ಸಣ್ಣದೆಂದರೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಕೇಶವ್ ಮುಂದೆ, ಅವನ ಹಿಂದೆ ಸೈಕಲ್ಲಿನವರು, ಅಜ್ಜ ಅಜ್ಜಿ, ಆಮೇಲೆ ಡೆಬ್. ತನ್ನವರೆಂಬುವರು ಎಲ್ಲರ ಹಿಂದೆ. ಕೇಶವ್ ದೂರದ ತುದಿಗೆ ಹೋಗಿ, ಸೀಟಿಗೊಂದು ನಂಬರು ಕೊಟ್ಟು, ಅದಕ್ಕೆ ಬೇರೆ ಚೀಟಿ ಮಾಡಿ ಮಾರುವ ಪದ್ಧತಿ ಈ ಗಾಡಿಗಳ ಜೊತೆಗೇ ಹೇಗೆ ಬಂತೆಂದು ವಿವರಿಸುತ್ತಿದ್ದ. ಮೊದಮೊದಲು ಮೂರನೇ ದರ್ಜೆಯವರಿಗೆ ಈ ಗಾಡಿಯಲ್ಲಿ ಜಾಗವೇ ಇರಲಿಲ್ಲ ಎನ್ನುವಾಗ ಅವನ ದನಿ ಸ್ವಲ್ಪ ಏರಿತು. ಈ ಮಾತಿಗೆ ಅದು ಯಾವಾಗಲೂ ಏರುತ್ತಿತ್ತು. ಅಷ್ಟರಲ್ಲಿ ಅವನ ಮೂಗಿಗೆ ಇಂಗಿನ ವಾಸನೆ ಬಡಿಯಿತು.

ಮೊದಲು ಭ್ರಮೆ ಅಂದುಕೊಂಡ. ಆಮೇಲೆ ಅದರ ಬೆನ್ನಿಗೆ ಶೇಂಗಾ ಚಟ್ನಿಯ ಬೆಳ್ಳುಳ್ಳಿಯೂ ಬಂತು.

"ಎಕ್ಸ್‌ಕ್ಯೂಸ್ ಮಿ," ಎನ್ನುತ್ತ ಕೇಶವ್ ಎಲ್ಲರನ್ನೂ ಗೋಡೆಗೆ ಒತ್ತಿ ಹಿಂದಕ್ಕೆ ಓಡಿದ.

ಎರಡನೇ ದರ್ಜೆಯ ಕಂಪಾರ್ಟ್‌ಮೆಂಟಿನ ಬಾಗಿಲಿಗೆ ಕಟ್ಟಿದ್ದ ಕೆಂಪು ಹಗ್ಗವನ್ನು ಯಾರೋ ಅಂದವಾಗಿ ಸುತ್ತಿ ಕೊಕ್ಕೆಗೆ ನೇತುಹಾಕಿದ್ದರು. ಒಳಗೆ ಎದುರುಬದರು ಮಖಮಲ್ ಸೀಟುಗಳ ಮೇಲೆ ಶ್ರೀಕಾಂತ್, ಜಯದೇವಿ, ಅಲೀಮ್, ಆಬಿದಾ ನಾಲ್ವರೂ ಆರಾಮಾಗಿ ಕೂತಿದ್ದರು. ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿಯಾಗಿತ್ತು. ಅಲೀಮ್ ಒಂದು ಕಾಲು ಮಡಿಸಿ ಮೇಲಿಟ್ಟಿದ್ದರು. ನಡುವೆ ಚೀಲದಿಂದ ತೆಗೆದ ಒಂದು ದುಪ್ಪಟಿ ಹಾಸಿ ಅದರ ಮೇಲೆ ಫಾಯಿಲ್ ಬಿಚ್ಚಿದ ಪುಳಿಯೋಗರೆ, ಚಪಾತಿಯ ಅಟ್ಟಿ, ಚಟ್ನಿ ಡಬ್ಬ, ಕಾಗದದ ತಟ್ಟೆ. ಓಣಿಯಲ್ಲಿ ನಿಂತ ನೌಶೀನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

"ಕಿಟಕಿ ಸೀಟ್ ನಂದು ಅಂತ ಮೊದ್ಲೇ ಹೇಳಿದ್ದೆ," ಎನ್ನುತ್ತಿದ್ದರು ಶ್ರೀಕಾಂತ್.

"ನೀ ಹೇಳಿದ್ದು ಹೋಗೂ ಮುಂದ. ಬರೂ ಮುಂದ ನಂದು," ಎಂದರು ಅಲೀಮ್.

"ಎಲ್ಲಿಂದ ಬರೋದು? ಈ ಗಾಡಿ ಎಲ್ಲೂ ಹೋಗಲ್ಲ," ಎಂದು ಕೇಶವ್ ಪಿಸುಗುಟ್ಟಿದ. ಅದು ಪಿಸುಮಾತಾಗಿಯೇ ಉಳಿಯಲೆಂದು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದ. "ಎದ್ದೇಳಿ. ಪ್ಲೀಸ್. ಇಲ್ಲಿ ಕೂರೋ ಹಾಗಿಲ್ಲ. ತಿನ್ನೋ ಹಾಗಂತೂ ಇಲ್ವೇ ಇಲ್ಲ."

ನಾಲ್ವರೂ ಅವನನ್ನು ನೋಡಿದರು. ಅವರ ಮುಖದಲ್ಲಿದ್ದದ್ದು ತಪ್ಪು ಮಾಡಿದ ಭಾವವಲ್ಲ, ನಿಜವಾದ ಆಶ್ಚರ್ಯ. ರೈಲಿನಲ್ಲಿ ಎದುರುಬದರು ಸೀಟು, ನಡುವೆ ಜಾಗ, ಜೊತೆಗೆ ಗುರುತಿನವರು. ಡಬ್ಬ ಬಿಚ್ಚಿದ್ದು ಯಾರೆಂದು ಯಾರಿಗೂ ನೆನಪಿರಲಿಲ್ಲ. ಕೈ ತಾನಾಗಿ ಬಿಚ್ಚಿತ್ತು.

"ರೈಲಿನ್ಯಾಗ ಊಟಾ ಮಾಡಬಾರ್ದೇನು?" ಎಂದು ಆಬಿದಾ ಕೇಳಿದರು, ಯಾರೋ ಮಸೀದಿಯಲ್ಲಿ ನಮಾಜು ಮಾಡಬಾರದು ಅಂದಂತೆ. "ತಗೋ, ಬಿಸೀ ಐತಿ ಇನ್ನಾ." ಅವನ ಕೈಗೊಂದು ಚಪಾತಿ ಸುರುಳಿ ಬಂತು.

ಅಷ್ಟರಲ್ಲಿ ಉಳಿದವರು ಬಂದುಬಿಟ್ಟರು. ವಿಸ್ಕಾನ್ಸಿನ್ನಿನ ಅಜ್ಜಿ ಕಂಪಾರ್ಟ್‌ಮೆಂಟಿನೊಳಗೆ ಇಣುಕಿ, ಎದೆಯ ಮೇಲೆ ಕೈಯಿಟ್ಟು, ಇಂಥ ಜೀವಂತ ಪ್ರದರ್ಶನ ತಾನು ಯಾವ ಮ್ಯೂಸಿಯಮ್ಮಿನಲ್ಲೂ ನೋಡಿಲ್ಲ ಅಂದಳು. ಟಿಕೆಟ್ಟಿನಲ್ಲೇ ಇದು ಸೇರಿದೆಯೋ ಎಂದು ಸೈಕಲ್ಲಿನವರಲ್ಲೊಬ್ಬ ಕೇಳಿದ. "ಕಮ್, ಕಮ್, ಸಿಟ್," ಎಂದು ಜಯದೇವಿ ಸರಿದು ಜಾಗ ಮಾಡಿದರು. ಅಜ್ಜ ಕೂತ. ಆಬಿದಾ ಅವನ ತಟ್ಟೆಗೆ ಚಟ್ನಿ ಹಾಕಿದರು. ಕೇಶವ್ ಡೆಬ್‌ಳ ಮುಖ ನೋಡುವ ಧೈರ್ಯ ಸಾಲದೆ ಅವಳ ಬೂಟು ನೋಡಿದ. ಬೂಟುಗಳು ಅಲುಗಲಿಲ್ಲ.

ಅದು ಅಲ್ಲಿಗೇ ಮುಗಿದಿದ್ದರೆ ಸೀಟನ್ನು ಒರೆಸಿ ಹೇಗೋ ಸಂಭಾಳಿಸಬಹುದಾಗಿತ್ತು. ಆದರೆ ಹೊಟ್ಟೆಗೆ ಚಪಾತಿ ಬಿದ್ದ ಅಲೀಮ್ ಕತ್ತೆತ್ತಿ ನೋಡಿದರು. ಬಾಗಿಲ ಮೇಲುಗಡೆ ಗೋಡೆಯಲ್ಲಿ ಹಿತ್ತಾಳೆಯ ಒಂದು ಹಿಡಿ ಹೊಳೆಯುತ್ತಿತ್ತು. ಅಪಾಯದಲ್ಲಿ ಗಾಡಿ ನಿಲ್ಲಿಸುವ ಬ್ರೇಕಿನ ಹಿಡಿ.

"ಜಯದೇವಿ, ನಿಮಗ ಗೊತ್ತೈತಿಲ್ಲೋ," ಎಂದು ಶುರುಮಾಡಿದರು ಅಲೀಮ್. "ಹಾಸ್ಟೆಲಿಂದ ಊರಿಗೆ ಹೊಂಟಾಗ ನಿಮ್ಮ ಗಂಡ ಬೆಟ್ ಕಟ್ಟಿದ್ದ, ಹರಿಹರ ಬರೋದ್ರೊಳಗ ಚೈನ್ ಎಳೀತೀನಿ ಅಂತ. ಇಡೀ ಡಬ್ಬಿ ನೋಡಾಕತ್ತಿತ್ತು. ಎದ್ದು ನಿಂತಾ, ಕೈ ಎತ್ತಿದಾ." ಅಲೀಮ್ ಎದ್ದು, ಕೈ ಎತ್ತಿ ತೋರಿಸಿದರು. "ಎತ್ತಿದ ಕೈಲೆ ತಲೀ ಬಾಚ್ಕೊಂಡು ಕುಂತಾ, ಮಗ."

ಆಬಿದಾ ನಕ್ಕರು. ಜಯದೇವಿ ನಗಬಾರದೆಂದು ಎಷ್ಟು ಪ್ರಯತ್ನಪಟ್ಟರೋ ಅಷ್ಟೂ ನಗು ಮೂಗಿನಿಂದ ಬಂತು. ಅರ್ಥವಾಗದಿದ್ದರೂ ವಿಸ್ಕಾನ್ಸಿನ್ನಿನ ಅಜ್ಜನೂ ನಕ್ಕ.

"ಆವಾಗ ಫೈನ್ ಇತ್ತು," ಎಂದರು ಶ್ರೀಕಾಂತ್.

"ಈಗ ಏನೈತಿ?"

"ಅಪ್ಪಾ, ಬೇಡ," ಎಂದ ಕೇಶವ್.

ಶ್ರೀಕಾಂತ್ ಎದ್ದು ನಿಂತಾಗಿತ್ತು. ಎಪ್ಪತ್ತರ ಹತ್ತಿರದ ಮನುಷ್ಯ, ಮಂಡಿನೋವು, ರಕ್ತದೊತ್ತಡಕ್ಕೆ ದಿನಕ್ಕೆರಡು ಮಾತ್ರೆ. ಕೈ ಎತ್ತಿದರು, ಈ ಸಲ ಆ ಕೈ ತಲೆಯ ಕಡೆ ಹೋಗಲಿಲ್ಲ. ಹಿಡಿಯನ್ನು ಹಿಡಿದು, ಒಮ್ಮೆ ಅಲೀಮರ ಮುಖ ನೋಡಿ, ಜೋರಾಗಿ ಎಳೆದರು. ಒಣ ಕಟ್ಟಿಗೆ ಸೀಳಿದಂತೆ ಸದ್ದಾಯಿತು. ಹಿಡಿ, ಅದರ ಹಿಂದಿನ ಹಿತ್ತಾಳೆ ತಟ್ಟೆ, ತಟ್ಟೆಗೆ ಅಂಟಿದ್ದ ಅಂಗೈಯಗಲ ಮರದ ಚಕ್ಕೆ ಎಲ್ಲವೂ ಅವರ ಕೈಗೆ ಬಂದವು. ಗೋಡೆಯಲ್ಲಿ ತೂತು ಉಳಿಯಿತು. ತೂತಿನಿಂದ ಒಂದು ಕೋಳಿಪುಕ್ಕ ತೇಲುತ್ತ ಇಳಿದು ಪುಳಿಯೋಗರೆಯ ಮೇಲೆ ಕೂತಿತು.



ಡೆಬ್ ಮುಂದೆ ಬಂದಳು. ತೂತನ್ನು ನೋಡಿದಳು, ತಟ್ಟೆಗಳನ್ನು ನೋಡಿದಳು, ಕೊನೆಗೆ ಕೇಶವನನ್ನು ನೋಡಿದಳು. ಅವಳು ಎಂದೂ ದನಿ ಏರಿಸಿದವಳಲ್ಲ, ಈಗಲೂ ಏರಿಸಲಿಲ್ಲ.

"ಇದಿರಲಿ," ಎಂದಳು ಇಂಗ್ಲಿಷಿನಲ್ಲಿ. "ಮರ ಮುರಿದರೆ ಕೂಡಿಸಬಹುದು. ನನಗೆ ಬೇಕಾದದ್ದು ಇನ್ನೊಂದು. ವರ್ಕ್‌ಶಾಪಿಗೆ ವರ್ಷಗಟ್ಟಲೆ ನಿಲ್ಲುವವನು ಬೇಕು ಅಂತ ನಿನಗೆ ಹೇಳಿದ್ದೆ. ಬೇರೇನೂ ಓದುತ್ತಿಲ್ಲ, ನಾನು ನಿಲ್ಲುತ್ತೇನೆ ಅಂತ ನೀನು ಹೇಳಿದ್ದೆ. ಈಗ ಇವರು ಪಿಎಚ್‌ಡಿ ಅನ್ನುತ್ತಿದ್ದಾರೆ. ನಾಳೆ ಥೀಸಿಸ್ ಮುಗಿಸಿ ಎಲ್ಲೋ ಪ್ರೊಫೆಸರ್ ಆಗಲು ಹೋಗುವವನಿಗೆ ನಾನ್ಯಾಕೆ ಉಳಿ ಹಿಡಿಯಲು ಕಲಿಸಲಿ? ಆ ಇನ್ನೊಬ್ಬ ಹುಡುಗನನ್ನೇ ತೆಗೆದುಕೊಳ್ಳುತ್ತೇನೆ."

"ನಾನು ಪಿಎಚ್‌ಡಿ ಮಾಡ್ತಿಲ್ಲ," ಎಂದ ಕೇಶವ್.

"ಇವರು ನಿನ್ನ ತಂದೆಯಲ್ಲವೇ?"

"ಹೌದು."

"ಅವರು ಹೇಳುತ್ತಿರುವುದು ಸುಳ್ಳೇ?"

ಇಷ್ಟು ವರ್ಷಗಳ ಬೋಂಡ, ಡಿಶ್‌ವಾಷರ್, ಬೆಳಿಗ್ಗೆಯ ಸೆರಗು ಎಲ್ಲವೂ ಸೇರಿ ಒಂದೇ ವಾಕ್ಯವಾಗಿ ಕೇಶವನ ನಾಲಿಗೆಯ ತುದಿಯಲ್ಲಿ ಕೂತಿತ್ತು. ಹೇಳಿದ್ದರೆ ಆ ಡಬ್ಬಿಯಲ್ಲಿ ಎಲ್ಲರಿಗೂ ಅರ್ಥವಾಗುತ್ತಿತ್ತು, ಇಂಗ್ಲಿಷು ಬೇಕಾಗುತ್ತಿರಲಿಲ್ಲ. ಅವನು ಅಪ್ಪನ ಮುಖ ನೋಡಿದ. ಹಿತ್ತಾಳೆಯ ಹಿಡಿಯನ್ನು ಎದೆಗೊತ್ತಿ ಹಿಡಿದುಕೊಂಡು, ತುಟಿಯ ಪಕ್ಕ ಚಟ್ನಿಯ ಚುಕ್ಕೆಯೊಂದಿಗೆ, ಬೋಳುತಲೆಯ ಬೆವರು ಕಿವಿಯ ಹಿಂದೆ ಇಳಿಯುತ್ತ ಅವರು ಅಲೀಮರ ಕಡೆ ನೋಡುತ್ತಿದ್ದರು. ಕೇಶವ್ ಆ ವಾಕ್ಯವನ್ನು ನುಂಗಿದ. ಬಿಸಿ ಸಾರು ನುಂಗಿದಂತೆ ಅದು ಒಳಗಿಳಿದದ್ದು ಉದ್ದಕ್ಕೂ ಗೊತ್ತಾಯಿತು.

"ನೀವು ಅವ್ರನ್ನೇ ಕೇಳಿ," ಎಂದು ಮಾತ್ರ ಹೇಳಿದ.

ಶ್ರೀಕಾಂತ್ ಗಂಟಲು ಸರಿಮಾಡಿಕೊಂಡರು. ಆಫೀಸಿನ ಮೀಟಿಂಗುಗಳಲ್ಲಿ ಮೂವತ್ತು ವರ್ಷ ಆಡಿದ ಇಂಗ್ಲಿಷು ಆ ಹೊತ್ತಿಗೆ ಎಲ್ಲಿಗೋ ಹೋಗಿತ್ತು. "ಮೇಡಮ್," ಎಂದರು. ನಿಲ್ಲಿಸಿದರು. ಓಣಿಯ ಆಚೆ ಕಿಟಕಿಯಲ್ಲಿ ಏನೋ ಹುಡುಕಿದರು. "ನೋ ಪಿಎಚ್‌ಡಿ. ಮೈ ಸನ್ ಲೆಫ್ಟ್ ಕಾಲೇಜ್. ಸೆಕೆಂಡ್ ಇಯರ್." ಮತ್ತೆ ನಿಲ್ಲಿಸಿದರು. ಉಳಿದದ್ದನ್ನು ಅಲೀಮರ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಇಲ್ಲೇ ಕೆಲ್ಸ ಮಾಡ್ತಾನೆ ಕಣಯ್ಯ. ಗೈಡು. ಬ್ಯಾಡ್ಜ್ ಇದೆ ನೋಡು."

ಜಯದೇವಿ ಎದ್ದ ಹಾಗೆ ಮಾಡಿ ಕೂತರು. ಈ ಡಬ್ಬಿಯಲ್ಲಿ ಡಿಶ್‌ವಾಷರ್ ಇರಲಿಲ್ಲ.

ಅಲೀಮ್ ಕೇಶವನ ಬ್ಯಾಡ್ಜನ್ನು ಓದಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದರು. "ಅಲ್ಲಲೇ ಸಿರೀಕಾಂತಾ," ಎಂದರು ಕೊನೆಗೆ, "ಇದನ್ನ ಫೋನಿನ್ಯಾಗ ಹೇಳಿದ್ರ ನಾ ಏನ್ ಬರ್ತಿದ್ದಿಲ್ಲೇನು? ಪಿಎಚ್‌ಡಿ ಮಂದೀನ ನೋಡಾಕ ಮುನ್ನೂರು ಮೈಲ್ ಯಾಕ್ ಬರಲಿ. ಮನ್ಯಾಗ ಒಂದೈತಿ. ದಿನಾ ಅಳ್ತೈತಿ."

"ಅಬ್ಬಾ, ಸ್ಟಾಪ್," ಎಂದಳು ನೌಶೀನ್ ಅಪ್ಪನಿಗೆ. ಆದರೆ ಮುಖದಿಂದ ಕೈ ತೆಗೆದು, ಒಳಗೆ ಬಂದು, ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಒಂದು ಚಪಾತಿ ತೆಗೆದುಕೊಂಡಳು.

ಡೆಬ್‌ಗೆ ಈ ಸಂಭಾಷಣೆಯಲ್ಲಿ ಒಂದಕ್ಷರ ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಕಂಡಂತಿರಲಿಲ್ಲ. ಅವಳು ಶ್ರೀಕಾಂತರ ಕೈಯಿಂದ ಹಿಡಿಯನ್ನು ತೆಗೆದುಕೊಂಡು, ತಿರುಗಿಸಿ, ಚಕ್ಕೆಯ ಹಿಂಬದಿಯನ್ನು ಉಗುರಿ­ನಿಂದ ಕೆರೆದು ನೋಡಿದಳು. ಒಳಗೆ ಮರ ಹಿಟ್ಟಾಗಿತ್ತು. "ಹುಳ," ಎಂದಳು. "ಇಡೀ ಹಲಗೆ ತೆಗೀಬೇಕು. ಇವರು ಎಳೆಯದಿದ್ದರೆ ಗೊತ್ತೇ ಆಗುತ್ತಿರಲಿಲ್ಲ." ಹಿಡಿಯನ್ನು ಕೇಶವನ ಕೈಗೆ ಹಾಕಿದಳು. "ಸೋಮವಾರ ಬೆಳಿಗ್ಗೆ ಬಾ. ಮೊದಲ ಕೆಲಸ ಇದೇ. ಆಮೇಲೆ ಆ ಸೀಟಿನಿಂದ ಎಣ್ಣೆ ತೆಗೆಯುವುದು."

ಅವನು ಏನೋ ಹೇಳಲು ಹೋದ. ಅವಳು ಆಗಲೇ ಆಬಿದಾ ಕೊಟ್ಟ ತಟ್ಟೆಯನ್ನು ಹಿಡಿದು, ಚಟ್ನಿಯನ್ನು ಅನುಮಾನದಿಂದ ಮೂಸಿ ನೋಡುತ್ತಿದ್ದಳು. "ಖಾರಾ ಐತಿ," ಎಂದು ಆಬಿದಾ ಕನ್ನಡದಲ್ಲೇ ಎಚ್ಚರಿಸಿದರು. ಡೆಬ್ ಒಂದು ಚಮಚ ಬಾಯಿಗಿಟ್ಟು, ಕಣ್ಣಲ್ಲಿ ನೀರು ಬಂದಮೇಲೂ ಮುಖದ ಒಂದು ಗೆರೆಯನ್ನೂ ಅಲುಗಿಸದೆ, ಇನ್ನೊಂದು ಚಮಚ ತೆಗೆದುಕೊಂಡಳು.

*

ಟೂರಿನವರು ಹೋದರು. ವಿಸ್ಕಾನ್ಸಿನ್ನಿನ ಅಜ್ಜಿ ಪುಳಿಯೋಗರೆಯ ರೆಸಿಪಿಯನ್ನು ಫೋನಿಗೆ ಬರೆಸಿಕೊಂಡೇ ಹೋದಳು. ಜಯದೇವಿ ಮತ್ತು ಆಬಿದಾ ಗಿಫ್ಟ್ ಶಾಪಿಗೆ ಹೊರಟರು. ಅಲ್ಲಿ ಏನೂ ಕೊಳ್ಳಬಾರದೆಂದು ಹೇಳಿಕೊಡಲು ಅಲೀಮ್ ಅವರ ಹಿಂದೆ ಹೋದರು. ನೌಶೀನ್ ಬೆಲ್ಲೋಸಿನ ಹತ್ತಿರ ನಿಂತು ಅದರ ಫೋಟೋ ತೆಗೆದುಕೊಂಡಳು, ಹೋಗುವಾಗ, ಆ ಟಾಯ್ಲೆಟ್ಟಿನ ವಿಷಯ ಎಲ್ಲಿ ಓದಿದೆ, ನಿಜವಾಗಿಯೂ ನನಗೆ ಕಳಿಸು ಅಂದಳು.

"ನಾನು ಎರಡು ನಿಮಿಷ ಕೂತಿರ್ತೀನಿ," ಎಂದಿದ್ದರು ಶ್ರೀಕಾಂತ್. "ಮಂಡಿ ಹಿಡ್ಕೊಂಡಿದೆ."

ಕೇಶವ್ ಬೇಡವೆನ್ನಲಿಲ್ಲ. ವರ್ಕ್‌ಶಾಪಿನಿಂದ ಒಂದು ಮೆತ್ತನೆಯ ಬ್ರಷ್ಷು ತಂದು, ಕಂಪಾರ್ಟ್‌ಮೆಂಟಿನ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಮಖಮಲ್ಲಿನ ಸಂದಿಗಳಿಂದ ಕಡಲೆಬೇಳೆ, ಸಾಸಿವೆ, ಕರಿಬೇವಿನ ಚೂರುಗಳನ್ನು ಒಂದೊಂದಾಗಿ ಹೊರಕ್ಕೆ ತಂದ. ಒಂದು ಸೀಟು ಮುಗಿಯಿತು. ಎದುರಿನದಕ್ಕೆ ತಿರುಗಿದಾಗ ಅಪ್ಪನ ಪಾದದ ಹತ್ತಿರ ಬಂದ. ಪಾದವನ್ನು ಸರಿಸದೆ ಅದರ ಸುತ್ತ ಗುಡಿಸಿದ. ಅಪ್ಪ ಏನಾದರೂ ಹೇಳಬಹುದೆಂದು ಸ್ವಲ್ಪ ಹೊತ್ತು ಕಾದ.

ಶ್ರೀಕಾಂತ್ ನಿದ್ದೆಹೋಗಿದ್ದರು. ಬಾಯಿ ಅರೆತೆರೆದಿತ್ತು. ದೂರದ ಊರಿಗೆ ಹೊರಟವರು ಮಲಗುವ ಹಾಗೆ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. ತಲೆ ಒಮ್ಮೆ ಗಾಜಿನ ಕಡೆಗೆ, ಒಮ್ಮೆ ಬಾಗಿಲ ಕಡೆಗೆ ಮೆಲ್ಲಗೆ ತೂಗುತ್ತಿತ್ತು. ಕಿಟಕಿಯಾಚೆ ಮೆಕ್ಕೆಜೋಳದ ಹೊಲ ಒಂದೆಲೆಯೂ ಅಲುಗದೆ ನಿಂತಿತ್ತು. ಇಳಿಬಿಸಿಲು ಹೊಲವನ್ನು ದಾಟಿ ಬಂದು ಅವರ ಮುಖದ ಒಂದು ಪಕ್ಕಕ್ಕೆ ಬೀಳುತ್ತಿತ್ತು. ಕೇಶವ್ ಬ್ರಷ್ಷನ್ನು ಜೇಬಿಗಿಟ್ಟು, ಬಗ್ಗಿ, ಅವರ ಭುಜಕ್ಕೆ ತಾಗದಂತೆ ಕೈ ಚಾಚಿ, ಕಿಟಕಿಯ ಪರದೆಯನ್ನು ಕಣ್ಣಿಗೆ ಬಿಸಿಲು ಬೀಳದಷ್ಟು ಮಾತ್ರ ಕೆಳಗೆ ಎಳೆದ.